ಅರಮನೆಯ ಪರದೆ

ಹಾಸನ
೧೪-೨-೧೯೬೩

ತೀರ್ಥರೂಪು ಅಪ್ಪನವರಿಗೆ ಶಾಂತಕುಮಾರಿಯ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಹೊಳೆನರಸೀಪುರದಲ್ಲಿ ನೀವೂ ಕ್ಷೇಮ, ನಿಮ್ಮ ಕೋಪವೂ ಕ್ಷೇಮ ಎಂದು ಅವ್ವ ಹೇಳಿ ಕಳಿಸಿದ್ದಾಳೆ.

ಪರದೆ ಸಿಕ್ಕಿದೆ, ಬಂದು ನೋಡಿ ಎಂದು ಬರೆದಿದ್ದಕ್ಕೆ ನಿಮ್ಮ ಕಾರ್ಡು ತಲುಪಿತು. ‘ಆ ಪರದೆಯ ಮುಖ ನೋಡುವುದಿಲ್ಲ’ ಎಂಬ ಒಂದೇ ಸಾಲಿಗೆ ಇಡೀ ಕಾರ್ಡು ದಂಡ ಮಾಡಿದ್ದೀರಿ. ನಾಟಕ ಕಂಪನಿಗೆ ನೀವು ಆರು ತಿಂಗಳು ಕೂತು ಬರೆದ ಅರಮನೆಯ ಪರದೆ ಅದು. ಮೂಲೆಯಲ್ಲಿ ಮಾಲೀಕರು ತಮ್ಮ ಹೆಸರು ಬರೆಸಿಕೊಂಡರು, ನೀವು ಅಂದೇ ಕುಂಚ ಕಟ್ಟಿಟ್ಟಿರಿ. ಹದಿನಾರು ವರ್ಷವಾಯಿತು. ಕಂಪನಿ ಮುಚ್ಚಿತು, ಮಾಲೀಕರೂ ತೀರಿಕೊಂಡರು. ನಿಮ್ಮ ಕೋಪದ ಆಟ ಮಾತ್ರ ಇನ್ನೂ ಹೌಸ್‌ಫುಲ್.

ನಾನು ಪಾಠ ಹೇಳುವ ಕಾಲೇಜಿನ ಚಿತ್ರಸಂಗ್ರಹಕ್ಕಾಗಿ ಊರೂರು ಅಲೆಯುತ್ತಿದ್ದೇನಲ್ಲ, ಹಾಗೆ ಹೋದಾಗ ಪರದೆ ಸಿಕ್ಕಿದ್ದು ದಂಡಿಗನಹಳ್ಳಿಯ ಹುಚ್ಚಯ್ಯನವರ ಅಟ್ಟದಲ್ಲಿ. ಹರಾಜಿನಲ್ಲಿ ಕೊಂಡು ಮದುವೆ ಚಪ್ಪರದ ಹಿಂದೆ ಕಟ್ಟುತ್ತಿದ್ದರಂತೆ. ನಾನು ನಿಮ್ಮ ಮಗಳೆಂದು ತಿಳಿದಾಗ, “ನಿಮ್ಮಪ್ಪನ್ ಅರಮನೆ ಮುಂದೆ ನಮ್ಮೂರ ಅರವತ್ತು ಜೋಡಿ ದಾರೆ ಆಗವೆ ಕಣವ್ವಾ. ಇದ ನೀನು ಒತ್ಕೊಂಡು ಓದ್ರೆ ನಮ್ ಐಕ್ಳು ಯಾವ ಗ್ವಾಡೆ ಮುಂದೆ ಕೂರ್ಬೇಕು?” ಎಂದರು. ಇನ್ನೊಂದು ಪರದೆ ಅಪ್ಪ ಬರೆದುಕೊಡುತ್ತಾರೆ ಎಂದು ಮಾತು ಕೊಟ್ಟುಬಿಟ್ಟೆ. ಬೈಯಬೇಡಿ.

ಕಾಲೇಜಿನ ಹಾಲಿನಲ್ಲಿ ಅದನ್ನು ಇಳಿಬಿಟ್ಟಾಗ ಜವಾನ ಪಾಪಯ್ಯ ಚಪ್ಪಲಿ ಕಳಚಿ, “ಅರಮನೆ ಒಳಿಕ್ಕೆ ಎಂಗ್ ಮೆಟ್ಕೊಂಡು ಓಗದು ಸಾ?” ಎಂದು ಪ್ರಿನ್ಸಿಪಾಲರನ್ನೇ ಕೇಳಿದ. ಎಲ್ಲರೂ ನಕ್ಕರು. ನನಗೆ ಅಳು ಬಂತು. ಆ ನೀಲಿ ಕಂಬಗಳಿಗೆ ಬಣ್ಣ ಅರೆದುಕೊಟ್ಟವಳು ನಾನಲ್ಲವೇ?

ತೊಡಕು ಬಂದದ್ದು ರಿಜಿಸ್ಟರಿನಲ್ಲಿ. ಚಿತ್ರದ ಮೇಲೆ ಯಾರ ಹೆಸರಿದೆಯೋ ಅವರೇ ಚಿತ್ರಕಾರರು ಎಂಬುದು ಪ್ರಿನ್ಸಿಪಾಲರ ನಿಯಮ. ಸೋಮವಾರ ಸಂಗ್ರಹದ ಉದ್ಘಾಟನೆ, ಅಂದು ಬರೆದದ್ದೇ ಶಾಶ್ವತ. ಮಗಳ ಮಾತು ಸಾಕ್ಷಿಯಾಗದು ಎಂದುಬಿಟ್ಟರು. ಎರಡು ದಿನ ನನಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ನಿನ್ನೆ ಪರದೆಯ ಮೂಲೆಗೆ ನೀರು ತಗುಲಿ ಒಂದು ಗೇಣು ಬಣ್ಣ ಹೋಯಿತು. ಅಂಟು ಕಲಸಿದ ಪುಡಿಬಣ್ಣ ನೀರು ಕಂಡರೆ ನಿಲ್ಲದು ಎಂದು ನೀವೇ ಹೇಳುತ್ತಿದ್ದಿರಿ. ಹೋದದ್ದು ಸರಿಯಾಗಿ ಮಾಲೀಕರ ಹೆಸರಿದ್ದ ಜಾಗ. ಪ್ರಿನ್ಸಿಪಾಲರು ತಲೆಯ ಮೇಲೆ ಕೈಹೊತ್ತು ಕೂತರು. ‘ಬರೆದವರೇ ಬಂದು ನನ್ನೆದುರು ಸರಿಮಾಡಲಿ, ಕುಂಚದ ಕೈ ನೋಡಿದರೆ ಗೊತ್ತಾಗುತ್ತದೆ, ಆಮೇಲೆ ಅವರ ಹೆಸರನ್ನೇ ಬರೆಯೋಣ’ ಎಂದಿದ್ದಾರೆ. ಶನಿವಾರ ಬೆಳಗಿನ ರೈಲಿಗೆ ಬನ್ನಿ. ಅವ್ವನನ್ನೂ ಕರೆತನ್ನಿ. ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಇತಿ,
ಅಂದು ಬಣ್ಣ ಅರೆಯುತ್ತಿದ್ದ ನಿಮ್ಮ ಮಗಳು
ಶಾಂತಕುಮಾರಿ

ಮರೆತ ಮಾತು: ನೀರು ತಾನಾಗಿ ತಗುಲಲಿಲ್ಲ. ಪಾಪಯ್ಯ ಊಟಕ್ಕೆ ಹೋದಾಗ ಸೆರಗು ಒದ್ದೆ ಮಾಡಿಕೊಂಡು ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಒರೆಸಿದೆ. ಸಂಗ್ರಹ ಕಾಯಬೇಕಾದವಳೇ ಹೀಗೆ ಮಾಡಿದ್ದು ತಪ್ಪು, ಒಪ್ಪಿದೆ. ನೀವು ಮುನಿಸಿಕೊಂಡಿದ್ದ ಹೆಸರು ಈಗ ಪರದೆಯ ಮೇಲಿಲ್ಲ, ನನ್ನ ಸೆರಗಿನಲ್ಲಿದೆ. ಬೈಯಬೇಕೆನಿಸಿದರೆ ಇಲ್ಲಿಗೇ ಬಂದು ಬೈಯಿರಿ. ಕುಂಚ ಮರೆಯಬೇಡಿ.