ಬೀಗತಿಯ ಮನೆಗೆ ಹೋದ ಡಿಸ್ಕು

ಸೋಮವಾರ, ಜುಲೈ ೧೪, ಕೋಥರೂಡ

ಮುದುಕಿಯ ದಿನಚರಿಯನ್ನು ಕದ್ದು ಓದುತ್ತೀಯಲ್ಲ ಮಧುರಾ, ನಾಚಿಕೆ ಇಲ್ಲವೇ? ಓದು, ನಿನ್ನದೇ ಸುದ್ದಿ ಇದೆ.

ಜಪಾನಿನ ಆ ಪ್ರೇಮಕಥೆಯ ಕಾರ್ಟೂನ್ ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡಿದವರು ಅಜ್ಜಿ ಮೊಮ್ಮಗಳು ನಾವಿಬ್ಬರೇ. ನೀನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ, ನಾನು ಆ ಪುಕ್ಕಲು ಹುಡುಗನನ್ನು ಬೈಯುತ್ತಿದ್ದೆ: "ಆಕಿ ಕಾಯಾಕತ್ತಾಳ, ಬಾಯಿ ಬಿಡೋ ಹುಚ್ಚಪ್ಯಾಲಿ!" ಆ ಹುಡುಗ ಹುಡುಗಿಯ ಮದುವೆಯ ಕಂತು ಡಿಸ್ಕಿನಲ್ಲಿ ಮಾತ್ರ ಇದೆ ಎಂದು ನೀನೇ ಡಿಸ್ಕಿನ ಡಬ್ಬಿ ತರಿಸಿದೆ. ತರಿಸಿ, ನನ್ನನ್ನು ಬಿಟ್ಟು ತಳೇಗಾಂವಕ್ಕೆ, ನಿನ್ನ ತಾಯಿಯ ತಾಯಿಯ ಮನೆಗೆ ಒಯ್ದೆ.

"ಅಲ್ಲಿ ಪ್ಲೇಯರ್ ಅದ ಅಜ್ಜಿ, ನಮ್ಮನ್ಯಾಗ ಎಲ್ಲದ?"

ಪ್ಲೇಯರ್ ಅಂತೆ! ನನ್ನನ್ನೂ ಬಸ್ಸು ಹತ್ತಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಇವತ್ತು ಆ ಬೀಗತಿ ಫೋನ್ ಮಾಡಿ, ನೀನು ಎಲ್ಲವನ್ನೂ ಮರಾಠಿಯಲ್ಲಿ ಹೇಳಿದೆ ಎಂದು ಮೆರೆದಳು. ಮದುವೆಯ ಕಥೆಯನ್ನೂ ಶುರು ಮಾಡಿದಳು. ಹಾಲು ಉಕ್ಕುತ್ತಿದೆ ಎಂದು ನೆಪ ಹೇಳಿ ಫೋನ್ ಇಟ್ಟೆ. ಆಕೆಯ ಬಾಯಿಂದ ಅದನ್ನು ಕೇಳಲಾರೆ. ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇಕೆ.

ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗು. ಆಕೆ ಪಕ್ಕದಲ್ಲೇ ಕೂತಿರಲಿ, ನೀನು ಕನ್ನಡದಲ್ಲೇ ಹೇಳು, ಆಕೆಗೆ ಒಂದು ಮಾತೂ ತಿಳಿಯಬಾರದು. ಯಾವತ್ತು ಹೋಗೋಣ ಎಂದು ಮುಂದಿನ ತಿಂಗಳು ಹುಟ್ಟುವ ಮೊದಲು ಇಲ್ಲೇ ಕೆಳಗೆ ಬರೆ.