ಕಲ್ಲಣ್ಣ ಓಡಿರಲಿಲ್ಲ

ವಿಜಾಪುರ ರಸ್ತೆ, ಸೋಲಾಪುರ
೯ ಫೆಬ್ರವರಿ ೨೦೨೫

ಅಕ್ಕಲಕೋಟೆಯ ಗೆಳತಿ ದ್ರೌಪದಿಗೆ ಅಕ್ಕನಾಗಮ್ಮನ ಶರಣು.

ಸಂಕ್ರಮಣಕ್ಕೆ ನೀನು ಕಳಿಸಿದ ಎಳ್ಳಿನ ಹೋಳಿಗೆ ಮುಟ್ಟಿತು. ಉತ್ತರ ತಡವಾಯಿತು, ಬೈಯಬೇಡ. ಫೋನು ಮಾಡಿದರೆ ನಿನಗೊಬ್ಬಳಿಗೆ ಕೇಳಿಸುವುದಿಲ್ಲ, ಓಣಿಗೆಲ್ಲ ಕೇಳಿಸುತ್ತದೆ. ನನ್ನ ಮೊಮ್ಮಗಳು ಗಾರ್ಗಿಗೆ ಕನ್ನಡ ಓದಲು ಬಾರದು, ಅದಕ್ಕೇ ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ.

ನಮ್ಮ ಅಣ್ಣ ಕಲ್ಲಣ್ಣ ಓಡಿಹೋಗಿರಲಿಲ್ಲ, ದ್ರೌಪದಿ.

ಮೊನ್ನೆ ಮೊಣಕಾಲು ತೋರಿಸಲು ದವಾಖಾನೆಗೆ ಹೋಗಿದ್ದೆ. ಕಂಪೌಂಡರ್ "ಕಲ್ಲಣ್ಣ" ಎಂದು ಕೂಗಿದ. ಆ ಹೆಸರಿಗೆ ನನ್ನ ಕತ್ತು ಈಗಲೂ ತಾನೇ ತಿರುಗುತ್ತದೆ. ಎದ್ದವನು ಮಂದ್ರೂಪದ ರೈತ, ಎಪ್ಪತ್ತರ ಆಸುಪಾಸು. ಸುಮ್ಮನಿರಲಾರದೆ ಕೇಳಿದೆ, "ಯಾರ ಹೆಸರ ಇಟ್ಟಾರೋ ತಮ್ಮಾ ನಿನಗ, ಅಜ್ಜಂದೇನು?"

"ನಮ್ಮ ಮನಿ ಹೆಸರಲ್ರಿ ಆಯಿ. ರಜಾಕಾರರ ಗದ್ದಲದಾಗ ನಮ್ಮಪ್ಪ ಗುರುನಾಥ ಗಡಿ ಮ್ಯಾಲ ದಂಡಿನಾಗಿದ್ದ. ಅಲ್ಲಿ ಅವನ ದೋಸ್ತ ಒಬ್ಬ ವಾಗದರಿ ಹುಡುಗ ಇದ್ನಂತ. ಅವಂದು."

ವಾಗದರಿ, ನಮ್ಮೂರು! ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಎಲ್ಲವನ್ನೂ ಕೇಳಿದೆ.

ಆಗ ನಾವು ಪರಕಾರ ಉಡುವ ಹುಡುಗಿಯರು, ಆದರೂ ಆ ದಂಡು ನಿನಗೆ ನೆನಪಿರಬೇಕು. ನಿಜಾಮನ ವಿರುದ್ಧ ಹಳ್ಳಿ ಹುಡುಗರು ಸೇರಿ ಕಟ್ಟಿದ್ದು. ಮುಂಗಾರಿನಲ್ಲಿ ಹುಟ್ಟಿತು, ಸರಕಾರದ ಫೌಜು ಬಂದೊಡನೆ ಮುಗಿಯಿತು. ಉಳಿದವರೆಲ್ಲ ತಮ್ಮ ತಮ್ಮ ಊರು ಸೇರಿದರು. ನಮ್ಮೂರಿಂದ ಹೋದವನು ಅಣ್ಣನೊಬ್ಬನೇ, ಅವನು ಬರಲಿಲ್ಲ. "ಹೆದರಿ ಓಡ್ಯಾನ" ಎಂದು ಊರೆಲ್ಲ ಆಡಿಕೊಂಡಿತು. ಹಾಗೆಂದ ಕಾಮಣ್ಣನ ಕೈಯನ್ನು ನೀನು ಕಚ್ಚಿದ್ದೆ.

ನಡೆದದ್ದು ಬೇರೆ. ಹಳ್ಳ ದಾಟುವಾಗ ಗುರುನಾಥನ ಕಾಲಿಗೆ ಗುಂಡು ಬಿತ್ತಂತೆ. ಉಳಿದವರು ಹಿಂದೆ ಸರಿದರು. ಅಣ್ಣನೊಬ್ಬನೇ ತಿರುಗಿ ಬಂದು ಅವನನ್ನು ಹೊತ್ತು ದಡ ಮುಟ್ಟಿಸಿದ. ಅಷ್ಟರಲ್ಲಿ ಇವನ ಬೆನ್ನಿಗೇ ಬಿತ್ತು. ಅಲ್ಲೇ ಮಣ್ಣು ಮಾಡಿದರಂತೆ.

ಸುದ್ದಿ ಹೇಳಲು ಗುರುನಾಥ ಕುಂಟುತ್ತ ವಾಗದರಿಗೆ ಬಂದಿದ್ದನಂತೆ. ಅವ್ವ ಎಮ್ಮೆ ಹಿಂಡುವುದನ್ನು ಬಿಟ್ಟು ಬಂದು, "ನನ್ನ ಮಗ ಎಲ್ಲಿದ್ದಾನಪಾ?" ಎಂದು ಕೇಳಿದಾಗ ಸತ್ತನೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಎಲ್ಲಿ ಹೋದ್ನೋ ಗೊತ್ತಿಲ್ರಿ" ಎಂದು ಹೊರಟುಬಿಟ್ಟ. ಊರವರಿಗೆ ಅಷ್ಟೇ ಸಾಕಾಯಿತು. ಮುಂದೆ ಮಗ ಹುಟ್ಟಿದಾಗ ಅಣ್ಣನ ಹೆಸರಿಟ್ಟ.

ಗುರುನಾಥನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆ ಹಗುರಾಗಿದೆ. ನಿನ್ನೆ ಹೊಟ್ಟೆ ತುಂಬ ಉಂಡೆ, ಕಣ್ತುಂಬ ನಿದ್ದೆ ಬಂತು. ವಾಗದರಿಗೆ ಹೋಗಿ ಕಾಮಣ್ಣನ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಹೇಳುವುದಿದೆ, ನೀನೂ ಬಾ.

ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ.

ನಿನ್ನ,
ಅಕ್ಕನಾಗಮ್ಮ

ತಾ.ಕ.: ಜನ ಹೇಡಿ ಎಂದಾಗ ಅವ್ವ ಒಂದು ದಿನವೂ ಜಗಳಕ್ಕೆ ಹೋಗಲಿಲ್ಲ. "ಓಡಿದ್ರ ಓಡ್ಲಿ, ಎಲ್ಲೆರ ಉಂಡಕೊಂಡ ಇರ್ಲಿ" ಅನ್ನುತ್ತಿದ್ದಳು. ನನ್ನ ಪಾಲಿಗೂ ಅವನು ಎಲ್ಲೋ ಒಂದು ಊರಲ್ಲಿ ಮುದುಕನಾಗುತ್ತಲೇ ಇದ್ದ. ಮೊನ್ನೆ ಆ ದವಾಖಾನೆಯಲ್ಲಿ ಸತ್ತ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನೀನು ಬಂದರೆ ಇಬ್ಬರೂ ಕೂತು ಅತ್ತುಬಿಡೋಣ.