ಓಲೇ ಎಂದರೆ ಒಲೆಯಲ್ಲ

ಚಳ್ಳಕೆರೆ, ಭಾನುವಾರ

ಬೊಮ್ಮಣ್ಣನವರಿಗೆ ಮಹಡಿ ಮನೆಯ ಕಾಂಚನಾಳ ನಮಸ್ಕಾರ.

ಸದ್ದು ಜಾಸ್ತಿಯೆಂದು ಮನೆ ಬಿಡಲು ಹೇಳಿದ್ದೀರಿ. ನಾನು ಮೊಬೈಲಿನಲ್ಲಿ ನೋಡಿ ಕಲಿಯುತ್ತಿರುವುದು ಸ್ಪೇನ್ ದೇಶದ ಫ್ಲಮೆಂಕೊ. ಹಿಮ್ಮಡಿ ಕುಟ್ಟದೆ ಆ ಕುಣಿತವಿಲ್ಲ. ನಮ್ಮ 'ಭಲೇ'ಗೆ ಅವರು 'ಓಲೇ' ಎನ್ನುತ್ತಾರೆ. ನಿನ್ನೆ ನಾನು ಹಾಗೆ ಕೂಗಿದ್ದು ಕೇಳಿ, ಒಲೆಯಿಂದ ಬೆಂಕಿ ಹತ್ತಿತೆಂದು ನಿಮ್ಮ ಅವ್ವ ಕೊಡ ನೀರು ಹೊತ್ತು ಓಡಿಬಂದರು. ವಿಷಯ ತಿಳಿದ ಮೇಲೆ, "ಯಾರ ಕುಣಿತವ್ವ ಇದು?" ಎಂದರು. ಊರೂರು ಅಲೆದವರದು ಎಂದೆ. "ಕುರಿ ಹಿಂದೆ ನಾವೂ ಅಲೆದೋರೇ ಕಣವ್ವ" ಎನ್ನುತ್ತಾ ಕೂತು, ನನಗೆ ವಾರದಿಂದ ತಪ್ಪುತ್ತಿದ್ದ ಹನ್ನೆರಡೆಣಿಕೆಯ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹಾಕಿದರು.

ಹಿತ್ತಲಲ್ಲಿ ಬಿದ್ದಿರುವ ಹಳೆಯ ಕದಗಳನ್ನು ಕೊಡಿ. ಶೇಂಗಾ ಹೊಟ್ಟಿನ ಚೀಲಗಳ ಮೇಲೆ ಹಾಸಿಕೊಂಡು ಕುಣಿದರೆ ಸದ್ದು ಕೆಳಗಿಳಿಯುವುದಿಲ್ಲ.

ಒಂದು ಕದ ಸಾಲದು, ಎರಡೂ ಬೇಕು. ನಾಳೆಯಿಂದ ಅವ್ವನೂ ಕುಣಿಯುತ್ತಾರಂತೆ.

ಇನ್ನೂ ನಿಮ್ಮ ಬಾಡಿಗೆದಾರಳೇ ಆಗಿರುವ,
ಕಾಂಚನಾ